ಹಸಿವು ಬಿರುಗಾಳಿಗಿಂತ ಹಳೆಯದು

2017ರ ಸೆಪ್ಟೆಂಬರ್ 20ರ ಮುಂಜಾನೆ ಮಾರಿಯಾ ಚಂಡಮಾರುತ ಪೋರ್ಟೊ ರಿಕೊ ದ್ವೀಪದ ಆಗ್ನೇಯ ಕರಾವಳಿಗೆ ಬಂದಪ್ಪಳಿಸಿತು. ಗಾಳಿಯ ವೇಗ ಗಂಟೆಗೆ ಸುಮಾರು 250 ಕಿಲೊಮೀಟರ್. ದ್ವೀಪವನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸೀಳಿಕೊಂಡು ಅದು ಅಟ್ಲಾಂಟಿಕ್ ಕಡೆ ಹೊರಟುಹೋಯಿತು. ಕೆಲವೇ ದಿನಗಳಲ್ಲಿ, ಆಕಾಶದಿಂದ ತೆಗೆದ ಒಂದು ಚಿತ್ರ ಜಗತ್ತಿನ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಊಮಕಾವೊ ಪಟ್ಟಣದ ಪುಂತಾ ಸಾಂತಿಯಾಗೊ ಎಂಬ ಕಡಲತಡಿಯ ಕೇರಿಯಲ್ಲಿ, ನಡುರಸ್ತೆಯ ಮೇಲೆ, ಹೆಲಿಕಾಪ್ಟರಿನಲ್ಲಿ ಹೋಗುವವರಿಗೂ ಕಾಣುವಷ್ಟು ದೊಡ್ಡ ಅಕ್ಷರಗಳಲ್ಲಿ ಜನ ಬರೆದಿದ್ದರು: ಕಾಪಾಡಿ, ನೀರು ಬೇಕು, ಊಟ ಬೇಕು.

ಆ ದ್ವೀಪದಲ್ಲಿ ಆಗ ಇದ್ದವರು ಸುಮಾರು 33 ಲಕ್ಷ ಜನ. 1898ರಲ್ಲಿ ಸ್ಪೇನಿನ ಕೈಯಿಂದ ಅಮೆರಿಕದ ಕೈಗೆ ಬಂದ ನೆಲ ಅದು. 1917ರಿಂದ ಅಲ್ಲಿನವರು ಅಮೆರಿಕದ ಪ್ರಜೆಗಳು. ಆದರೆ ದ್ವೀಪದಲ್ಲಿ ವಾಸವಿರುವವರೆಗೆ ಅವರಿಗೆ ಅಧ್ಯಕ್ಷರ ಚುನಾವಣೆಯಲ್ಲಿ ಮತವಿಲ್ಲ. ಅಮೆರಿಕದ ಸಂಸತ್ತಿನಲ್ಲಿ ಅವರ ಪರವಾಗಿ ಕೂರುವ ಒಬ್ಬರಿದ್ದಾರೆ, ಮಸೂದೆಗಳಿಗೆ ಮತ ಹಾಕುವ ಹಕ್ಕು ಅವರಿಗೂ ಇಲ್ಲ. ಅಷ್ಟು ಶ್ರೀಮಂತ ದೇಶದ ಪ್ರಜೆಗಳು ಊಟ ಬೇಕೆಂದು ರಸ್ತೆಯ ಮೇಲೆ ಬರೆಯಬೇಕಾಗಿ ಬಂದದ್ದು ಏಕೆ? ಸರ್ಕಾರದ ಲಾರಿ ಬರುವ ಮೊದಲೇ ಅಲ್ಲಿ ಒಲೆ ಹಚ್ಚಿದವರು ಯಾರು? ಹವಾಮಾನ ನ್ಯಾಯ ಎಂಬ ಮಾತು ನಮ್ಮಲ್ಲೂ ಈಗ ಸಭೆಗಳಲ್ಲಿ ಕೇಳಿಬರುತ್ತಿದೆ. ಅದರ ಅರ್ಥ ಹುಡುಕುವವರಿಗೆ ಪೋರ್ಟೊ ರಿಕೊದ ಅಡುಗೆಮನೆಗಳಿಗಿಂತ ಒಳ್ಳೆಯ ಪಾಠಶಾಲೆ ನನಗೆ ಕಂಡಿಲ್ಲ.

ಹವಾಮಾನದ ಮಾತು ಮೊದಲು. ಪೋರ್ಟೊ ರಿಕೊ ಮೇಲೆ 1956ರಿಂದೀಚೆಗೆ ಮಳೆ ಸುರಿಸಿದ 129 ಚಂಡಮಾರುತಗಳನ್ನು ಹೋಲಿಸಿ 2019ರಲ್ಲಿ ಇಬ್ಬರು ವಿಜ್ಞಾನಿಗಳು ಅಧ್ಯಯನವೊಂದನ್ನು ಪ್ರಕಟಿಸಿದರು. ಎಲ್ಲಕ್ಕಿಂತ ಹೆಚ್ಚು ಮಳೆ ತಂದದ್ದು ಮಾರಿಯಾ. ಅಂಥ ಮಳೆ ಬೀಳುವ ಸಾಧ್ಯತೆ ಐವತ್ತರ ದಶಕಕ್ಕೆ ಹೋಲಿಸಿದರೆ ಈಗ ಸುಮಾರು ಐದು ಪಟ್ಟು ಹೆಚ್ಚಿದೆ ಎಂದು ಅವರು ಲೆಕ್ಕ ಹಾಕಿದರು. ಕಡಲು ಕಾದಷ್ಟೂ ಗಾಳಿ ಹೆಚ್ಚು ತೇವ ಹೊರುತ್ತದೆ, ಆ ತೇವವೇ ಮಳೆಯಾಗಿ ಸುರಿಯುತ್ತದೆ. ಕಡಲನ್ನು ಕಾಯಿಸಿದ ಹೊಗೆಯಲ್ಲಿ ಆ ಪುಟ್ಟ ದ್ವೀಪದ ಪಾಲು ತೀರಾ ಸಣ್ಣದು. 2022ರ ನವೆಂಬರಿನಲ್ಲಿ ಅಲ್ಲಿನ 16 ಪುರಸಭೆಗಳು ತೈಲ ಮತ್ತು ಕಲ್ಲಿದ್ದಲು ಕಂಪನಿಗಳ ಮೇಲೆ ಮೊಕದ್ದಮೆ ಹೂಡಿದ್ದು ಈ ಅನ್ಯಾಯವನ್ನೇ ಮುಂದಿಟ್ಟುಕೊಂಡು.

ಆದರೆ ಮಳೆಗಾಳಿಯ ಲೆಕ್ಕದಿಂದ ಹಸಿವಿನ ಲೆಕ್ಕ ಸಿಗುವುದಿಲ್ಲ. ಮಾರಿಯಾ ಬರುವ ಮೊದಲೇ ಪೋರ್ಟೊ ರಿಕೊ ತಾನು ತಿನ್ನುವುದರಲ್ಲಿ ಸುಮಾರು ಶೇ 85ರಷ್ಟನ್ನು ಹೊರಗಿನಿಂದ ತರಿಸಿಕೊಳ್ಳುತ್ತಿತ್ತು. ವರ್ಷವಿಡೀ ಬಿಸಿಲು, ಮಳೆ, ಫಲವತ್ತಾದ ಮಣ್ಣು ಇರುವ ನಾಡು ಅದು. ಬಾಳೆ, ಕಾಫಿ, ಗೆಣಸು, ಅನಾನಸು ಎಲ್ಲ ಬೆಳೆಯುತ್ತವೆ. ಅಂಥ ನೆಲ ಊಟಕ್ಕೆ ಹಡಗು ಕಾಯುವಂತಾದದ್ದು ತಾನಾಗಿ ಆದದ್ದಲ್ಲ. ಅಮೆರಿಕದ ಆಳ್ವಿಕೆ ಬಂದ ಮೇಲೆ ಬಯಲು ಸೀಮೆಯನ್ನು ಸಕ್ಕರೆ ಕಂಪನಿಗಳ ಕಬ್ಬು ನುಂಗಿತು. 1940ರ ದಶಕದ ಕೊನೆಯಲ್ಲಿ ಆಳುವವರು ಕೈಗಾರಿಕೆಯೇ ಬಡತನಕ್ಕೆ ಮದ್ದು ಎಂದು ನಂಬಿ, ಹೊರಗಿನ ಕಾರ್ಖಾನೆಗಳಿಗೆ ತೆರಿಗೆ ವಿನಾಯಿತಿ ಕೊಟ್ಟು ಕರೆತಂದರು. ಬೇಸಾಯ ಹಿಂದುಳಿದವರ ಕಸುಬು ಎಂಬ ಭಾವನೆ ಬೆಳೆಯಿತು. ಹೊಲ ಬಿಟ್ಟವರಲ್ಲಿ ಕೆಲವರಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಲಕ್ಷಾಂತರ ಮಂದಿ ನ್ಯೂಯಾರ್ಕಿನ ಕಡೆ ಹೋದರು. ವಿನಾಯಿತಿ ಮುಗಿದಾಗ ಕಾರ್ಖಾನೆಗಳೂ ಹೊರಟವು.

ಇದರ ಮೇಲೆ 1920ರ ಜೋನ್ಸ್ ಕಾಯ್ದೆ. ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ಸರಕು ಸಾಗಿಸುವ ಹಡಗು ಅಮೆರಿಕದಲ್ಲೇ ಕಟ್ಟಿದ್ದಾಗಿರಬೇಕು, ಒಡೆಯರೂ ನಾವಿಕರೂ ಬಹುಪಾಲು ಅಮೆರಿಕದವರೇ ಆಗಿರಬೇಕು ಎನ್ನುತ್ತದೆ ಅದು. ಹಾಗಾಗಿ ದ್ವೀಪದ ಅಂಗಡಿಗಳಿಗೆ ಬರುವ ಅಕ್ಕಿ, ಹಾಲು, ಮಾಂಸದ ಬಹುಭಾಗ ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಹಡಗು ಹತ್ತಿ, ಸಾನ್ ಹ್ವಾನ್ ಬಂದರಿನಲ್ಲಿ ಇಳಿಯುತ್ತದೆ. ಒಂದೇ ದಾರಿ, ಒಂದೇ ಬಾಗಿಲು. ಮಾರಿಯಾ ನಂತರ ಕಾಯ್ದೆಯನ್ನು ಹತ್ತು ದಿನ ಸಡಿಲಿಸಿದರು. ಅಷ್ಟರಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಕಂಟೇನರುಗಳು ಸಾನ್ ಹ್ವಾನ್ ಬಂದರಿನಲ್ಲೇ ಕೂತಿದ್ದವು. ಊಟ ದ್ವೀಪಕ್ಕೆ ಬಂದಿತ್ತು. ಲಾರಿಗೆ ಡೀಸೆಲ್ ಇರಲಿಲ್ಲ, ಚಾಲಕರನ್ನು ಕರೆಯಲು ಫೋನ್ ಇರಲಿಲ್ಲ, ಬೆಟ್ಟದ ರಸ್ತೆಗಳು ಕುಸಿದಿದ್ದವು.

ಅಮೆರಿಕದ ರಾಜ್ಯಗಳಲ್ಲಿ ಬಡವರಿಗೆ ಸಿಗುವ ಆಹಾರ ನೆರವು, ಅರ್ಹರು ಹೆಚ್ಚಾದ ಹಾಗೆ ತಾನಾಗಿ ಹೆಚ್ಚುತ್ತದೆ. ಪೋರ್ಟೊ ರಿಕೊಗೂ ಆ ಸೌಲಭ್ಯ ಇತ್ತು. 1982ರಲ್ಲಿ ಖರ್ಚು ಕಡಿಮೆ ಮಾಡಲೆಂದು ಅದನ್ನು ಕಿತ್ತು, ವರ್ಷಕ್ಕೊಂದು ನಿಗದಿತ ಗಂಟು ಕೊಡುವ ಪದ್ಧತಿ ತಂದರು. ಬಿರುಗಾಳಿ ಬೀಸಿ ಎಲ್ಲರೂ ಬೀದಿಗೆ ಬಿದ್ದರೂ ಗಂಟು ಅಷ್ಟೇ. ಹೆಚ್ಚಿಗೆ ಬೇಕಿದ್ದರೆ ಸಂಸತ್ತಿನ ಮುಂದೆ ಕೈಯೊಡ್ಡಬೇಕು. ಮಾರಿಯಾ ನಂತರದ ಹೆಚ್ಚುವರಿ ನೆರವು ಜನರ ಕೈಸೇರಲು ಶುರುವಾದದ್ದು 2018ರ ಮಾರ್ಚಿನಲ್ಲಿ. ಬಿರುಗಾಳಿ ಬೀಸಿ ಆಗ ಸುಮಾರು ಆರು ತಿಂಗಳು. ಮರುವರ್ಷದ ಮಾರ್ಚಿನಲ್ಲಿ ಆ ದುಡ್ಡೂ ತೀರಿ, ಹದಿಮೂರು ಲಕ್ಷದಷ್ಟು ಜನರ ನೆರವು ಕಡಿತವಾಯಿತು.

ತುರ್ತು ಊಟದ ಕತೆ ಇನ್ನೂ ನೋವಿನದು. ಮೂರು ಕೋಟಿ ಊಟದ ಪೊಟ್ಟಣ ಒದಗಿಸುವ 15.6 ಕೋಟಿ ಡಾಲರಿನ ಗುತ್ತಿಗೆಯನ್ನು ಅಮೆರಿಕದ ವಿಪತ್ತು ಸಂಸ್ಥೆ ಒಬ್ಬರೇ ನಡೆಸುವ ಸಣ್ಣ ಕಂಪನಿಯೊಂದಕ್ಕೆ ಕೊಟ್ಟಿತು. ಬಂದದ್ದು ಐವತ್ತು ಸಾವಿರ. ಗುತ್ತಿಗೆ ರದ್ದಾಯಿತು. ಸತ್ತವರ ಸಂಖ್ಯೆಯನ್ನು ಸರ್ಕಾರ ತಿಂಗಳುಗಟ್ಟಲೆ 64 ಎಂದೇ ಹೇಳುತ್ತಿತ್ತು. 2018ರ ಆಗಸ್ಟಿನಲ್ಲಿ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಧ್ಯಯನ ಬಂದ ಮೇಲೆ 2,975 ಎಂದು ಒಪ್ಪಿಕೊಂಡಿತು. ಅವರೆಲ್ಲ ಗಾಳಿಗೆ ಸಿಕ್ಕಿ ಸತ್ತವರಲ್ಲ. ಬಹಳಷ್ಟು ಮಂದಿ ನಂತರದ ವಾರಗಳಲ್ಲಿ, ತಿಂಗಳುಗಳಲ್ಲಿ, ಕರೆಂಟಿಲ್ಲದೆ, ಡಯಾಲಿಸಿಸ್ ಸಿಗದೆ, ಔಷಧ ಸಿಗದೆ ಹೋದವರು. ಬಡವರು ಮತ್ತು ವಯಸ್ಸಾದವರು ಹೆಚ್ಚು.

ಕಾಗ್ವಾಸ್ ಎಂಬ ಪಟ್ಟಣ ರಾಜಧಾನಿ ಸಾನ್ ಹ್ವಾನ್‌ನಿಂದ ದಕ್ಷಿಣಕ್ಕೆ, ಬೆಟ್ಟಗಳ ನಡುವಿನ ಬಯಲಿನಲ್ಲಿದೆ. ಮಾರಿಯಾ ಹೋದ ಕೆಲವೇ ದಿನಗಳಲ್ಲಿ ಅಲ್ಲಿ ಒಂದಷ್ಟು ಯುವಜನ ಸೇರಿ ಅಡುಗೆ ಶುರುಮಾಡಿದರು. ಪರಸ್ಪರ ನೆರವಿನ ಕೇಂದ್ರ ಎಂದು ಅದಕ್ಕೆ ಹೆಸರಿಟ್ಟರು. ಬಹುಕಾಲದಿಂದ ಪಾಳು ಬಿದ್ದಿದ್ದ ಕಟ್ಟಡವೊಂದರ ಕಸ ಬಳಿದು, ಅದನ್ನೇ ಮನೆ ಮಾಡಿಕೊಂಡರು. ಊಟಕ್ಕೆ ದಿನವೂ ನೂರಾರು ಜನ. ಹೊರಗಿನ ಪತ್ರಕರ್ತರು ಇದನ್ನು ವಿಪತ್ತಿನಲ್ಲಿ ಅರಳಿದ ಮಾನವೀಯತೆ ಎಂದು ಬರೆದರು. ಅದು ಪೂರ್ತಿ ನಿಜವಲ್ಲ. ಆ ಅಡುಗೆಯ ಬೇರು ಮಾರಿಯಾಕ್ಕಿಂತ ಹಳೆಯದು, ಅದು ಅಷ್ಟು ಬೇಗ ಎದ್ದು ನಿಲ್ಲಲು ಕಾರಣವೂ ಅದೇ.

2010ರಲ್ಲಿ ಪೋರ್ಟೊ ರಿಕೊ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಶುಲ್ಕ ವಿನಾಯಿತಿ ಕಡಿತದ ವಿರುದ್ಧ ಎರಡು ತಿಂಗಳ ಮುಷ್ಕರ ನಡೆಸಿದರು. ಹನ್ನೊಂದರಲ್ಲಿ ಹತ್ತು ಕ್ಯಾಂಪಸ್‌ಗಳ ಬಾಗಿಲು ಮುಚ್ಚಿತು. ಮುಷ್ಕರದ ಮುಂದಾಳುಗಳಲ್ಲಿ ಒಬ್ಬರು ಜೊವಾನಿ ರೊಬೆರ್ತೊ, ಬಡ ಕುಟುಂಬದಿಂದ ಬಂದವರು. ಕ್ಯಾಂಪಸ್ಸಿನೊಳಗೆ ಉಳಿದವರಿಗೆ ಊಟ ಹಾಕುವುದೇ ಚಳವಳಿಯ ಅರ್ಧ ಕೆಲಸ ಎಂಬುದು ಅಂಥ ಮುಷ್ಕರ ಮಾಡಿದವರಿಗೆಲ್ಲ ಗೊತ್ತು. 2013ರಲ್ಲಿ ಜೊವಾನಿಯವರೂ ಗೆಳೆಯರೂ ಸೇರಿ ಕಾಯೆಯ್ ಊರಿನ ಕ್ಯಾಂಪಸ್ಸಿನಲ್ಲಿ ಒಂದು ಮೇಜು ಹಾಕಿ ಊಟ ಬಡಿಸಲು ತೊಡಗಿದರು. ಹಸಿದು ತರಗತಿಗೆ ಬರುವ ವಿದ್ಯಾರ್ಥಿಗಳು ಅಲ್ಲಿ ಬಹಳ ಇದ್ದರು. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಅಲ್ಲಿನ ನಿಯಮ ಸರಳ, ನನಗೆ ಬಹಳ ಹಿಡಿಸಿದ್ದೂ ಅದೇ. ಉಂಡವರು ಮೂರರಲ್ಲಿ ಒಂದು ಕೊಡಬಹುದು: ಕೈಲಾದಷ್ಟು ದುಡ್ಡು, ಇಲ್ಲವೇ ದಿನಸಿ, ಇಲ್ಲವೇ ದುಡಿಮೆ. ತರಕಾರಿ ಹೆಚ್ಚಿದವರಿಗೂ ಪಾತ್ರೆ ತೊಳೆದವರಿಗೂ ದುಡ್ಡು ಕೊಟ್ಟವರಿಗೂ ಒಂದೇ ಪಂಕ್ತಿ, ಒಂದೇ ಅಡುಗೆ. ನಮ್ಮ ಹಳ್ಳಿಗಳಲ್ಲಿ ನಾಟಿ, ಕೊಯ್ಲಿನ ಹೊತ್ತಿಗೆ ನಡೆಯುತ್ತಿದ್ದ ಮುಯ್ಯಾಳಿನ ಲೆಕ್ಕದ ಹಾಗೆ ಇದು: ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ದಾನ ತೆಗೆದುಕೊಂಡವನು ತಲೆ ತಗ್ಗಿಸಿ ಮನೆಗೆ ಹೋಗುತ್ತಾನೆ. ಅಡುಗೆಗೆ ಕೈ ಜೋಡಿಸಿದವನು ನಾಳಿನ ಸಭೆಗೆ ಬರುತ್ತಾನೆ. ಕೊಮೆದೋರೆಸ್ ಸೊಸ್ಯಾಲೆಸ್, ಅಂದರೆ ಸಾಮಾಜಿಕ ಊಟದಮನೆಗಳು ಎಂಬ ಆ ಸಂಘಟನೆ ಮಾರಿಯಾ ಬರುವ ಹೊತ್ತಿಗೆ ನಾಲ್ಕು ವರ್ಷ ಕೆಲಸ ಮಾಡಿ ಕೈ ಪಳಗಿಸಿಕೊಂಡಿತ್ತು. ಯಾರು ಎಷ್ಟು ಬೇಯಿಸಬಲ್ಲರು, ಯಾರ ಬಳಿ ದೊಡ್ಡ ಪಾತ್ರೆಯಿದೆ, ಯಾವ ರೈತ ತರಕಾರಿ ಕೊಟ್ಟಾನು ಎಂಬುದೆಲ್ಲ ಅವರಿಗೆ ಮೊದಲೇ ಗೊತ್ತಿತ್ತು. ವಿಪತ್ತು ಬಂದ ಮೇಲೆ ಈ ತಿಳಿವಳಿಕೆಯನ್ನು ದುಡ್ಡು ಕೊಟ್ಟು ತರಲಾಗುವುದಿಲ್ಲ.

ಕಾಗ್ವಾಸ್ ಕೇಂದ್ರದಲ್ಲಿ ಊಟದ ಜತೆಗೆ ಇನ್ನೊಂದು ಕೆಲಸ ನಡೆಯುತ್ತಿತ್ತು. ಮನೆ ಕಳೆದುಕೊಂಡು, ನಿದ್ದೆ ಕಳೆದುಕೊಂಡು ಬಂದವರಿಗೆ ಕಿವಿಯ ಮೇಲೆ ಸಣ್ಣ ಸೂಜಿ ಇಡುವ ಅಕ್ಯುಪಂಕ್ಚರ್ ಚಿಕಿತ್ಸೆ, ಎಲ್ಲರೂ ಒಟ್ಟಿಗೆ ಕುರ್ಚಿ ಹಾಕಿಕೊಂಡು ಕೂತು ಪಡೆಯುವಂಥದ್ದು. ಆ ಸೂಜಿಯ ಹಿಂದೆ ಒಂದು ಚರಿತ್ರೆಯಿದೆ. 1969ರಲ್ಲಿ ನ್ಯೂಯಾರ್ಕಿನ ಈಸ್ಟ್ ಹಾರ್ಲೆಮ್‌ನಲ್ಲಿ ಪೋರ್ಟೊ ರಿಕೊ ಮೂಲದ ಹುಡುಗ ಹುಡುಗಿಯರು ಯಂಗ್ ಲಾರ್ಡ್ಸ್ ಎಂಬ ಸಂಘಟನೆಯ ಶಾಖೆ ಕಟ್ಟಿದರು. ಹೊಲ ಬಿಟ್ಟು ಹೋದವರ ಮಕ್ಕಳು ಅವರು. ಹೆಚ್ಚಿನವರಿಗೆ ಇಪ್ಪತ್ತೂ ದಾಟಿರಲಿಲ್ಲ, ಇಲ್ಲವೇ ಆಗಷ್ಟೇ ದಾಟಿತ್ತು. ನಿಮಗೆ ಏನು ಬೇಕು ಎಂದು ಕೇರಿಯವರನ್ನು ಕೇಳಿದಾಗ ಬಂದ ಉತ್ತರ: ಕಸ. ನಗರಸಭೆ ಬಡವರ ಬೀದಿಯ ಕಸ ಎತ್ತುತ್ತಿರಲಿಲ್ಲ. ಇವರೇ ಗುಡಿಸಿದರು. ಗುಡಿಸಿದ್ದನ್ನು ಯಾರೂ ಒಯ್ಯದಿದ್ದಾಗ ರಸ್ತೆಗೆ ಅಡ್ಡ ರಾಶಿ ಹಾಕಿದರು, ನಗರಸಭೆ ಎಚ್ಚರಗೊಂಡಿತು. ಮುಂದೆ, ಮಕ್ಕಳಿಗೆ ಶಾಲೆಗೆ ಮುಂಚೆ ತಿಂಡಿ ಹಾಕಲು ಜಾಗ ಕೊಡಿ ಎಂದು ವಾರಪೂರ್ತಿ ಖಾಲಿ ಇರುತ್ತಿದ್ದ ಚರ್ಚೊಂದನ್ನು ಕೇಳಿದರು. ಒಪ್ಪಲಿಲ್ಲ. ಡಿಸೆಂಬರ್ ಕೊನೆಯಲ್ಲಿ ಅದನ್ನು ಹನ್ನೊಂದು ದಿನ ವಶದಲ್ಲಿಟ್ಟುಕೊಂಡು, ಮಕ್ಕಳಿಗೆ ತಿಂಡಿ ಹಾಕಿ, ಆರೋಗ್ಯ ತಪಾಸಣೆ ನಡೆಸಿ, ಕೊನೆಗೆ ನೂರಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು. ಅದೇ ವರ್ಷದ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ ಬ್ಲ್ಯಾಕ್ ಪ್ಯಾಂಥರ್ಸ್‌ನ ಕರಿಯ ಯುವಕ ಯುವತಿಯರು ಮಕ್ಕಳ ಬೆಳಗಿನ ತಿಂಡಿ ಶುರುಮಾಡಿದ್ದರು. ಯಂಗ್ ಲಾರ್ಡ್ಸ್ ಕಲಿತದ್ದು ಅವರಿಂದ.

1970ರ ಜುಲೈಯಲ್ಲಿ ಯಂಗ್ ಲಾರ್ಡ್ಸ್ ಬ್ರಾಂಕ್ಸ್‌ನ ಲಿಂಕನ್ ಆಸ್ಪತ್ರೆಯನ್ನು ಕೆಲವು ಗಂಟೆ ಹಿಡಿದಿಟ್ಟು, ಬಡವರಿಗೆ ಘನತೆಯ ಚಿಕಿತ್ಸೆ ಬೇಕು ಎಂದು ಒತ್ತಾಯಿಸಿದರು. ಆ ಹೋರಾಟದ ಫಲವಾಗಿ ಅಲ್ಲಿ ಮಾದಕ ವ್ಯಸನಿಗಳಿಗಾಗಿ ಒಂದು ಘಟಕ ಬಂತು. ಕಿವಿಗೆ ಐದು ಸೂಜಿ ಇಡುವ ಕ್ರಮ ಬೆಳೆದದ್ದು ಆ ಘಟಕದಲ್ಲಿ. ಅರ್ಧ ಶತಮಾನದ ನಂತರ ಅದು ಕಡಲು ದಾಟಿ ತಾಯಿನೆಲಕ್ಕೆ ಮರಳಿತು. ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಯುವಜನರ ಇಂಥ ಕೆಲಸವನ್ನು ಉತ್ಸಾಹ, ಆವೇಶ ಎಂದು ಬದಿಗಿಡುವವರು ಬಹಳ. ಇದು ಒಂದು ತಲೆಮಾರು ಇನ್ನೊಂದಕ್ಕೆ ಕಲಿಸಿಕೊಟ್ಟ ಕಸುಬು, ಅದಕ್ಕೆ ಗುರುಪರಂಪರೆ ಇದೆ.

ಕಾಗ್ವಾಸಿನ ಹಾಗೆ ಬೇರೆಡೆಯೂ ಕೇಂದ್ರಗಳು ಹುಟ್ಟಿದವು. ಊಮಕಾವೊದ ಬೆಟ್ಟದ ಮೇಲಿನ ಮರಿಯಾನಾ ಎಂಬ ಊರಿನಲ್ಲಿ ಪ್ರತಿವರ್ಷ ಜೀಗುಜ್ಜೆಯ ಹಬ್ಬ ನಡೆಯುತ್ತದೆ. ನಮ್ಮ ಕರಾವಳಿಯವರು ಪೋಡಿ ಮಾಡುವ, ಪಲ್ಯ ಮಾಡುವ ಅದೇ ಜೀಗುಜ್ಜೆ. ಅಲ್ಲಿ ಅದಕ್ಕೆ ಪಾನಾ ಎನ್ನುತ್ತಾರೆ. ಹಬ್ಬವನ್ನು ಊರಿನ ಸಂಘವೇ ನಡೆಸುತ್ತದೆ, ಸಾವಿರಾರು ಜನಕ್ಕೆ ಅಡುಗೆ ಮಾಡಿ ಅಭ್ಯಾಸವಿರುವ ಹೆಂಗಸರು ಅಲ್ಲಿದ್ದಾರೆ. ಮಾರಿಯಾ ನಂತರ ಊರಿನ ಒಂದು ಯುವ ದಂಪತಿ ಆ ಸಂಘದ ಹಿರಿಯರ ಜತೆ ಸೇರಿ ಹಬ್ಬದ ಅಡುಗೆಮನೆಯನ್ನೇ ಊರ ಅಡುಗೆಮನೆ ಮಾಡಿದರು. ಹುಡುಗರು ನೀರು ಹೊತ್ತರು, ಬಿದ್ದ ಮರ ಕಡಿದರು, ಹಿರಿಯರು ಒಲೆ ನೋಡಿಕೊಂಡರು. ಹಾಸಿಗೆ ಹಿಡಿದವರ ಮನೆಗೆ ಊಟ ಹೋಯಿತು. ಪಶ್ಚಿಮದ ಲಾಸ್ ಮರಿಯಾಸ್‌ನಲ್ಲಿ ಮುಚ್ಚಿದ ಶಾಲೆಯೊಂದನ್ನು ಜನ ಹಿಡಿದು ಕೇಂದ್ರ ಮಾಡಿಕೊಂಡರು. 2017, 2018ರ ಎರಡು ವರ್ಷಗಳಲ್ಲಿ ಸರ್ಕಾರ ನಾನೂರಕ್ಕೂ ಹೆಚ್ಚು ಶಾಲೆಗಳನ್ನು ಮುಚ್ಚಿತ್ತು. ಏಳು ಸಾವಿರ ಕೋಟಿ ಡಾಲರಿಗೂ ಮೀರಿದ ಸಾಲ, ಅದರ ಮೇಲೆ ಕಣ್ಣಿಡಲು 2016ರಲ್ಲಿ ವಾಷಿಂಗ್ಟನ್ ನೇಮಿಸಿದ ಮಂಡಳಿ, ಎಲ್ಲೆಡೆ ಕಡಿತ. ಅಡುಗೆಮನೆ, ಮೈದಾನ, ನೀರಿನ ತೊಟ್ಟಿ ಎಲ್ಲವೂ ಇರುವ ಊರ ಶಾಲೆಗೆ ಬೀಗ ಜಡಿದು, ವಿಪತ್ತು ಬಂದಾಗ ಜನ ಎಲ್ಲಿಗೆ ಹೋಗಬೇಕು ಎಂದು ಯಾರೂ ಯೋಚಿಸಿರಲಿಲ್ಲ.

ಅಡ್‌ಹುಂತಾಸ್ ಎಂಬ ಬೆಟ್ಟದೂರಿನಲ್ಲಿ ಕಾಸಾ ಪ್ವೆಬ್ಲೊ ಎಂಬ ಮನೆಯಿದೆ. ಗಣಿಗಾರಿಕೆಯ ವಿರುದ್ಧ 1980ರಲ್ಲಿ ಹುಟ್ಟಿದ ಸಂಸ್ಥೆ. 1999ರಲ್ಲೇ ಚಾವಣಿಗೆ ಸೌರಫಲಕ ಹಾಕಿಸಿಕೊಂಡಿತ್ತು. ದ್ವೀಪವಿಡೀ ಕತ್ತಲಾದಾಗ ಅಲ್ಲಿ ಬೆಳಕಿತ್ತು, ಫ್ರಿಜ್ಜಿನಲ್ಲಿ ಔಷಧ ಇಡಬಹುದಿತ್ತು, ಉಸಿರಾಟದ ಯಂತ್ರ ನಡೆಸಬಹುದಿತ್ತು. ಕೊನೆಯ ಮನೆಗಳಿಗೆ ಕರೆಂಟು ಮರಳಲು ಹನ್ನೊಂದು ತಿಂಗಳು ಹಿಡಿದ ನಾಡಿನಲ್ಲಿ ಇದು ಸಾವು ಬದುಕಿನ ಮಾತು. ಊಟದ ಭದ್ರತೆ ಅಂದಾಗ ನಾವು ಧಾನ್ಯವನ್ನಷ್ಟೇ ನೆನೆಯುತ್ತೇವೆ. ಧಾನ್ಯದ ಜತೆ ಬೆಂಕಿ, ನೀರು, ತಂಪು, ದಾರಿ ಎಲ್ಲವೂ ಬೇಕು.

ಹೊಲದ ಕಡೆ ನೋಡೋಣ. ಮಾರಿಯಾ ಹೊತ್ತೊಯ್ದ ಬೆಳೆಯ ಮೌಲ್ಯ ಒಟ್ಟು ಬೆಳೆಯ ಶೇ 80ರಷ್ಟು ಎಂದು ದ್ವೀಪದ ಕೃಷಿ ಇಲಾಖೆ ಅಂದಾಜು ಮಾಡಿತು. ಬಾಳೆತೋಟಗಳು ನೆಲಕ್ಕೆ ಮಲಗಿದವು. ಕಾಫಿ ಗಿಡಗಳ ಬಹುಪಾಲು ನಾಶವಾಯಿತು. ಕಾಫಿ ಗಿಡ ಮತ್ತೆ ಫಲ ಕೊಡಲು ಮೂರ್ನಾಲ್ಕು ವರ್ಷ ಬೇಕೆಂದು ಕೊಡಗಿನವರಿಗೆ, ಚಿಕ್ಕಮಗಳೂರಿನವರಿಗೆ ಹೇಳಬೇಕಾಗಿಲ್ಲ. ಗಾಳಿಗೆ ಜಗ್ಗದೆ ಉಳಿದದ್ದು ಮಣ್ಣಿನ ಕೆಳಗಿನ ಬೆಳೆ: ಸಿಹಿಗೆಣಸು, ಮರಗೆಣಸು, ಕೆಸುವಿನ ಗೆಡ್ಡೆ. ಬೊರಿಕ್ವಾ ಎಂಬ ರೈತ ಸಂಘಟನೆ 1989ರಿಂದ ಇದನ್ನೇ ಹೇಳುತ್ತ ಬಂದಿದೆ. ರಾಸಾಯನಿಕ ಬಿಟ್ಟು, ಹಲವು ಬೆಳೆ ಕೂಡಿಸಿ, ನೆರಳು ಮರ, ಗೆಡ್ಡೆ, ಬೇಳೆ, ಹಣ್ಣು ಒಂದೇ ನೆಲದಲ್ಲಿ ಬೆಳೆಯುವ ಪದ್ಧತಿ ಅದರದು. ಅವರ ಕೆಲಸದ ಕ್ರಮ ದಳಗಳ ಮೂಲಕ. ಒಂದಷ್ಟು ರೈತರು, ವಿದ್ಯಾರ್ಥಿಗಳು ಸೇರಿ ಒಬ್ಬರ ತೋಟಕ್ಕೆ ಹೋಗಿ ದಿನವಿಡೀ ದುಡಿದು, ಉಂಡು, ಬೀಜ ಹಂಚಿಕೊಂಡು ಬರುವುದು. ಮಾರಿಯಾ ನಂತರ ಈ ದಳಗಳು ಊರಿಂದೂರಿಗೆ ಹೋಗಿ ಬಿದ್ದ ತೋಟ ಎಬ್ಬಿಸಿದವು. 2018ರ ಆಹಾರ ಸಾರ್ವಭೌಮತ್ವ ಪ್ರಶಸ್ತಿ ಬೊರಿಕ್ವಾಕ್ಕೆ ಬಂತು. ಈ ಪದ್ಧತಿಯ ತಾಕತ್ತಿಗೆ ನೆರೆಯ ಕ್ಯೂಬಾದಲ್ಲಿ ಅಳತೆಯ ಪುರಾವೆಯೂ ಇದೆ. 2008ರ ಐಕ್ ಚಂಡಮಾರುತದ ನಂತರ ನೋಡಿದಾಗ, ಹಲವು ಬೆಳೆಯ ತೋಟಗಳು ಸುಮಾರು ಅರ್ಧ ಕಳೆದುಕೊಂಡಿದ್ದರೆ ಒಂದೇ ಬೆಳೆಯ ಹೊಲಗಳು ಶೇ 90ರಿಂದ 100ರಷ್ಟು ಕಳೆದುಕೊಂಡಿದ್ದವು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಆತಂಕ ಉಳಿಯುತ್ತದೆ, ಅದನ್ನು ಮುಚ್ಚಿಡಬಾರದು. ಜನರೇ ಜನರನ್ನು ಉಳಿಸಿಕೊಳ್ಳುತ್ತಾರೆ ಎಂಬುದು ಅಲ್ಲಿನ ಘೋಷಣೆ. ಕೇಳಲು ಚೆಂದ. ಆದರೆ ಇದೇ ಮಾತನ್ನು ಸರ್ಕಾರ ಬಾಯಿಪಾಠ ಮಾಡಿಕೊಂಡರೆ ಅಪಾಯ. ಹೇಗೂ ಹುಡುಗರು ಅಡುಗೆ ಮಾಡುತ್ತಾರಲ್ಲ ಎಂದು ಇಲಾಖೆ ಕೈಕಟ್ಟಿ ಕೂತರೆ, ಸಂಬಳವಿಲ್ಲದೆ ದುಡಿಯುವ ಹೆಂಗಸರು, ಹುಡುಗರು ಎರಡು ವರ್ಷದಲ್ಲಿ ಬಳಲಿ ಬೀಳುತ್ತಾರೆ. 2020ರ ಜನವರಿಯಲ್ಲಿ ದಕ್ಷಿಣದ ಊರುಗಳಲ್ಲಿ ಭೂಕಂಪವಾದಾಗ, ಪೋನ್ಸೆ ನಗರದ ಗೋದಾಮೊಂದರಲ್ಲಿ ನೀರಿನ ಬಾಟಲಿ, ಮಂಚ, ಮಕ್ಕಳ ಸಾಮಾನು ಹಂಚದೆ ಕೊಳೆಯುತ್ತಿರುವುದು ಪತ್ತೆಯಾಯಿತು. ಸಿಟ್ಟಿಗೆದ್ದ ಜನ ಬಾಗಿಲು ಒಡೆದು ಹಂಚಿಕೊಂಡರು. ವಿಪತ್ತು ನಿರ್ವಹಣೆಯ ಮುಖ್ಯಸ್ಥರ ಕುರ್ಚಿ ಹೋಯಿತು. ಹಿಂದಿನ ವರ್ಷ, 2019ರ ಜುಲೈಯಲ್ಲಿ, ರಾಜ್ಯಪಾಲರೂ ಅವರ ಆಪ್ತರೂ ಮಾರಿಯಾದಲ್ಲಿ ಸತ್ತವರ ಬಗ್ಗೆಯೂ ಹಗುರವಾಗಿ ಆಡಿಕೊಂಡ ಮಾತುಗಳು ಸೋರಿಕೆಯಾಗಿ, ಲಕ್ಷಾಂತರ ಜನ ಬೀದಿಗಿಳಿದು ಅವರನ್ನು ಮನೆಗೆ ಕಳಿಸಿದ್ದರು.

ಸರ್ಕಾರ ಕೈಕಟ್ಟಿ ಕೂರುವ ಈ ಅಪಾಯವನ್ನು ಕಾಗ್ವಾಸಿನವರು ಅರಿತಿದ್ದರು ಎಂಬುದಕ್ಕೆ 2020ರ ವಸಂತವೇ ಸಾಕ್ಷಿ. ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ಶಾಲೆಗಳ ಅಡುಗೆಮನೆಗಳೂ ಮುಚ್ಚಿದವು. ಬಹಳಷ್ಟು ಮಕ್ಕಳಿಗೆ ದಿನದ ಗಟ್ಟಿ ಊಟವೆಂದರೆ ಅದೊಂದೇ. ದಾಸ್ತಾನು ಉಗ್ರಾಣಗಳಲ್ಲಿ ಇತ್ತು. ಕೊಮೆದೋರೆಸ್ ಸೊಸ್ಯಾಲೆಸ್ ಮನೆಮನೆಗೆ ದಿನಸಿ ಚೀಲ ತಲುಪಿಸತೊಡಗಿತು, ಜತೆಗೇ ಶಾಲಾ ಅಡುಗೆಮನೆ ತೆರೆಯಿರಿ ಎಂದು ಕಾರುಗಳ ಮೆರವಣಿಗೆ ಹೊರಡಿಸಿತು. ಏಪ್ರಿಲ್ 30ರಂದು ಜೊವಾನಿ ರೊಬೆರ್ತೊ ಅವರನ್ನು ಪೊಲೀಸರು ಬಂಧಿಸಿದರು. ಊಟ ಕೇಳಿದವರನ್ನು ಹಿಡಿದರು ಎಂಬ ಸುದ್ದಿ ದ್ವೀಪವಿಡೀ ಹರಡಿತು. ಪ್ರಕರಣ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ತಾಯಂದಿರು ಕೋರ್ಟಿಗೂ ಹೋದರು. ಮೇ ತಿಂಗಳಲ್ಲಿ ಶಾಲಾ ಅಡುಗೆಮನೆಗಳು ಒಂದೊಂದಾಗಿ ತೆರೆದವು. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಮನವಿಪತ್ರ. ಎರಡರಲ್ಲಿ ಒಂದನ್ನು ಬಿಟ್ಟರೆ ಆ ಕೆಲಸ ದಾನವಾಗಿ ಸೊರಗುತ್ತದೆ, ಇಲ್ಲವೇ ಬರೀ ಭಾಷಣವಾಗುತ್ತದೆ. 2022ರ ಸೆಪ್ಟೆಂಬರ್ 18ರಂದು ಫಿಯೋನಾ ಚಂಡಮಾರುತ ಬಂದು ದ್ವೀಪ ಮತ್ತೆ ಕತ್ತಲಾಯಿತು. ಈ ಬಾರಿ ಎಲ್ಲಿಗೆ ಹೋಗಬೇಕೆಂದು ಜನರಿಗೆ ಗೊತ್ತಿತ್ತು. ಮರುವರ್ಷದ ಮಾರ್ಚಿನಲ್ಲಿ ಅಡ್‌ಹುಂತಾಸ್‌ನ ಅಂಗಡಿಯವರು ತಮ್ಮದೇ ಸೌರ ವಿದ್ಯುತ್ ಜಾಲ ಉದ್ಘಾಟಿಸಿ ಊರಲ್ಲಿ ಮೆರವಣಿಗೆ ಮಾಡಿದರು.

ನಮ್ಮ ಪರಿಸ್ಥಿತಿ ಪೋರ್ಟೊ ರಿಕೊದ್ದಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಪಡಿತರವನ್ನು ಹಕ್ಕು ಮಾಡಿದೆ. ಊರೂರಿಗೆ ಅಂಗನವಾಡಿ, ಶಾಲೆಗೆ ಬಿಸಿಯೂಟ ಇದೆ. ಇದು ದೊಡ್ಡ ಬಲ, ಹೋರಾಡಿ ಪಡೆದದ್ದು. ಆದರೆ 2023ರ ಬರವನ್ನು ನೆನೆಯಿರಿ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಪರಿಹಾರದ ದುಡ್ಡಿಗಾಗಿ ರಾಜ್ಯ ಸರ್ಕಾರ 2024ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ವಿಪತ್ತು ಒಂದು ಕಡೆ, ಥೈಲಿಯ ಬೀಗದ ಕೈ ಇನ್ನೊಂದು ಕಡೆ ಇದ್ದರೆ ಏನಾಗುತ್ತದೆ ಎಂಬುದು ನಮಗೂ ಅಪರಿಚಿತವಲ್ಲ. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ನಿಲ್ಲಬಾರದು ಎಂದು 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸ್ವರಾಜ್ ಅಭಿಯಾನ್ ಪ್ರಕರಣದಲ್ಲಿ ಆದೇಶಿಸಿತು. 2024ರ ಬೇಸಿಗೆಯಲ್ಲಿ ನಮ್ಮ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ಅದರಂತೆ ಊಟ ಬೆಂದದ್ದು ಸಣ್ಣ ಸಂಗತಿಯಲ್ಲ. ಪೋರ್ಟೊ ರಿಕೊದ ತಾಯಂದಿರು ಕೋರ್ಟಿಗೆ ಹೋಗಿ ಕೇಳಿದ್ದು ಇದನ್ನೇ.

ನಮ್ಮಲ್ಲೂ ಗೆಡ್ಡೆಯ ಜ್ಞಾನ ಇದೆ. ಉತ್ತರ ಕನ್ನಡದ ಜೊಯಿಡಾದಲ್ಲಿ ಕುಣಬಿ ಸಮುದಾಯದವರು ಬೆಳೆದ ಬಗೆಬಗೆಯ ಗೆಡ್ಡೆ ಗೆಣಸುಗಳ ಮೇಳ ನಡೆಯುತ್ತದೆ. ಅವುಗಳಲ್ಲಿ ಹಲವು ಮಳೆಗಾಲದ ಕತ್ತಲ ತಿಂಗಳುಗಳಿಗೆಂದೇ ಕಾದಿಟ್ಟ ಊಟ. ಇಂಥ ಬೀಜ, ಇಂಥ ಕೈಗಳು ಎಲ್ಲಿವೆ ಎಂಬ ಪಟ್ಟಿ ಪ್ರತಿ ತಾಲ್ಲೂಕು ಕಚೇರಿಯಲ್ಲೂ ಇರಲೇಬೇಕು. ನೆರೆ ಬಂದಾಗ ಶಾಲೆಯಲ್ಲೋ ಕಲ್ಯಾಣ ಮಂಟಪದಲ್ಲೋ ಕಾಳಜಿ ಕೇಂದ್ರ ತೆರೆಯುತ್ತಾರೆ. ಅಲ್ಲಿ ಉಳಿದುಕೊಂಡವರು ಹೆಸರು ಬರೆಸಿ, ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವ ಫಲಾನುಭವಿಗಳಾಗುತ್ತಾರೆ. ಏನು ಬೇಯಬೇಕು, ಬಾಣಂತಿಗೆ ಏನು, ಸಕ್ಕರೆ ಕಾಯಿಲೆಯ ಅಜ್ಜನಿಗೆ ಏನು ಎಂದು ತೀರ್ಮಾನಿಸುವ ಸಮಿತಿಯಲ್ಲಿ ಅವರದೇ ಊರಿನ ಹುಡುಗಿಯರು, ಸ್ತ್ರೀಶಕ್ತಿ ಸಂಘದವರು, ಬಿಸಿಯೂಟದ ಅಕ್ಕಂದಿರು ಕೂರಬೇಕು. ಬಿಸಿಯೂಟದ ಅಕ್ಕಂದಿರ ಕೈಗೆ ಆ ದಿನಗಳ ದುಡಿಮೆಗೆ ಸರಿಯಾದ ಕೂಲಿಯೂ ಬರಬೇಕು.

ಮುಂಗಾರಿಗೆ ಮುಂಚೆ ಸಮಯವಿದೆ. ಎನ್‌ಎಸ್‌ಎಸ್ ಶಿಬಿರಕ್ಕೆಂದು ಹಳ್ಳಿಗೆ ಹೋಗುವ ವಿದ್ಯಾರ್ಥಿಗಳೇ, ಹಾಸ್ಟೆಲಿನ ಗೆಳೆಯ ಗೆಳತಿಯರೇ, ನಿಮ್ಮ ಪಂಚಾಯಿತಿಯಲ್ಲಿ ದೊಡ್ಡ ಪಾತ್ರೆ ಯಾರ ಮನೆಯಲ್ಲಿದೆ, ಎತ್ತರದ ಜಾಗದ ಶಾಲೆ ಯಾವುದು, ಒಂಟಿಯಾಗಿರುವ ಅಜ್ಜಿಯರು ಎಷ್ಟು ಮಂದಿ, ಇನ್ಸುಲಿನ್ ಬೇಕಾದವರು ಯಾರು, ಗೆಡ್ಡೆ ಬೆಳೆಯುವವರು ಎಲ್ಲಿದ್ದಾರೆ ಎಂದು ಮನೆಮನೆಗೆ ಹೋಗಿ ಕೇಳಿ ಬರೆದಿಡಿ. ನೆರೆ ಬರಲಿ, ಬರ ಬರಲಿ, ಶಾಲೆಯ ಅಡುಗೆಮನೆ ಯಾವ ಮೇಲಧಿಕಾರಿಯ ಆದೇಶಕ್ಕೂ ಕಾಯದೆ ಅದೇ ದಿನ ತೆರೆಯಬೇಕು ಎಂಬ ಬೇಡಿಕೆಯನ್ನು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ.